ಫ್ರೆಂಚ್ ಮನೆಯಲ್ಲಿ ಮೊದಲ ಕೆಲವು ವಾರ

ಎಲ್ಲರಿಗೂ ನಮಸ್ಕಾರ.

ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿಗೆ ಓದಲು ಹೊರಟಿರುವವರು, ಅವರನ್ನು ಕಳಿಸಿಕೊಡುತ್ತಿರುವ ತಂದೆತಾಯಿ ಇಲ್ಲಿ ಸೇರಿದ್ದೀರಿ. ವೀಸಾ, ಫೀಸು, ಟಿಕೆಟ್ ವಿಚಾರ ನಿಮಗೆ ಬೇಕಾದಷ್ಟು ತಿಳಿದಿದೆ. ಇವತ್ತಿನ ಮಾತು ಅದಾದ ಮೇಲಿನದು. ಹಾಸ್ಟೆಲ್ ಸಿಗದೆಯೋ, ಭಾಷೆ ಬೇಗ ಬರಲಿ ಎಂದೋ, ನಿಮ್ಮಲ್ಲಿ ಹಲವರು ಒಂದು ಫ್ರೆಂಚ್ ಕುಟುಂಬದ ಮನೆಯಲ್ಲಿ ಕೋಣೆ ಹಿಡಿದಿದ್ದೀರಿ. ಬೆಳಗಿನ ತಿಂಡಿ, ರಾತ್ರಿ ಊಟ ಸೇರಿಸಿ ತಿಂಗಳಿಗೆ ಇಷ್ಟು ಎಂದು ಮಾತಾಗಿರುತ್ತದೆ. ಅಂಥ ಮನೆಗಳಲ್ಲಿ ಮೊದಮೊದಲು ಮನಸ್ತಾಪ ಬರುವುದು ದೊಡ್ಡ ವಿಷಯಗಳಿಗಲ್ಲ. ಬಿಸಿನೀರು, ಬಾಗಿಲು, ತಟ್ಟೆ, ಚಮಚದಂಥ ಸಣ್ಣ ಸಂಗತಿಗಳಿಗೆ. ಮನೆಯವರು ಅವನ್ನು ಹೇಳಿಕೊಡುವುದಿಲ್ಲ, ಏಕೆಂದರೆ ಅವು ಹೇಳಿಕೊಡಬೇಕಾದ ವಿಷಯ ಅಂತ ಅವರಿಗೆ ಹೊಳೆಯುವುದೇ ಇಲ್ಲ. ಆದರೆ ಪ್ರತಿಯೊಂದಕ್ಕೂ ಕಾರಣವಿದೆ. ಕಾರಣ ಗೊತ್ತಾದರೆ ಪಾಲಿಸುವುದು ಕಷ್ಟವಲ್ಲ.

ಮೊದಲು ಸೂಟ್‌ಕೇಸ್ ವಿಚಾರ. ಆ ಮನೆಯವರಿಗೆ ಏನಾದರೂ ಒಯ್ಯಬೇಕು ಅಂತ ಅಮ್ಮಂದಿರು ಧಾರವಾಡ ಪೇಡ, ಬೆಳಗಾವಿ ಕುಂದಾ, ತುಪ್ಪದ ಡಬ್ಬಿ ತುಂಬಿಸುತ್ತಾರೆ. ದಯವಿಟ್ಟು ಬೇಡ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲು, ಮಾಂಸ ಮತ್ತು ಅವುಗಳಿಂದ ಮಾಡಿದ ಪದಾರ್ಥ ತರುವಂತಿಲ್ಲ. ಜಾನುವಾರು ರೋಗ ಹರಡಬಾರದು ಎಂಬುದು ಕಾರಣ. ಹಸಿ ಕರಿಬೇವು, ವೀಳ್ಯದೆಲೆಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಇಲ್ಲದಿದ್ದರೆ ಕಸ್ಟಮ್ಸ್‌ನವರು ಎಸೆಯುತ್ತಾರೆ. ಸಾರಿನ ಪುಡಿ, ಚಟ್ನಿಪುಡಿ, ಚಿಕ್ಕಮಗಳೂರಿನ ಕಾಫಿಪುಡಿ ಒಯ್ಯಬಹುದು. ಉತ್ತರ ಫ್ರಾನ್ಸಿನವರಿಗೆ ಚಿಕೋರಿ ಹಳೆಯ ಪರಿಚಯ, ನಮ್ಮ ಕಾಫಿ ಅಲ್ಲಿ ಚೆನ್ನಾಗಿ ಹೊಂದುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಚನ್ನಪಟ್ಟಣದ ಗೊಂಬೆಗಿಂತ ಒಳ್ಳೆಯ ಉಡುಗೊರೆ ಇಲ್ಲ. ವಿದ್ಯುತ್ತು ನಮ್ಮಂತೆಯೇ 230 ವೋಲ್ಟ್. ನಮ್ಮ ಎರಡು ಪಿನ್ ಚಾರ್ಜರ್ ಸಾಮಾನ್ಯವಾಗಿ ಕೂರುತ್ತದೆ, ಮೂರು ಪಿನ್ನಿನದು ಕೂರುವುದಿಲ್ಲ. ಒಂದು ಅಡಾಪ್ಟರ್ ಮತ್ತು ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಸಾಕು.

ಇನ್ನು ಸ್ನಾನ. ಅನೇಕ ಫ್ರೆಂಚ್ ಮನೆಗಳಲ್ಲಿ ನೀರು ಕಾಯಿಸುವುದು ಒಂದು ದೊಡ್ಡ ವಿದ್ಯುತ್ ಟ್ಯಾಂಕು. ನಮ್ಮ ಬಚ್ಚಲಿನ ಹಂಡೆಯ ಹಾಗೆಯೇ, ತುಂಬಿದಷ್ಟೇ ಬಿಸಿನೀರು. ಕರೆಂಟಿನ ದರ ಕಡಿಮೆ ಇರುವ ಗಂಟೆಗಳಲ್ಲಿ, ಹೆಚ್ಚಾಗಿ ರಾತ್ರಿ, ಅದು ಕಾಯುತ್ತದೆ, ಉಳಿದ ಹೊತ್ತಿನಲ್ಲಿ ಸಾಮಾನ್ಯವಾಗಿ ಕಾಯುವುದಿಲ್ಲ. ಲೆಕ್ಕ ಹಾಕಿ ನೋಡಿ. 200 ಲೀಟರ್ ಟ್ಯಾಂಕು, 60 ಡಿಗ್ರಿ ಬಿಸಿ. ತಣ್ಣೀರು ಬೆರೆಸಿ ಮೈಗೆ ಹಿತವಾಗುವಷ್ಟು ಮಾಡಿದರೆ ಸುಮಾರು 370 ಲೀಟರ್ ಆಗುತ್ತದೆ. ಶವರ್ ನಿಮಿಷಕ್ಕೆ 10ರಿಂದ 12 ಲೀಟರ್ ಸುರಿಯುತ್ತದೆ. ಅಂದರೆ ಇಡೀ ಮನೆಗೆ ದಿನಕ್ಕೆ ಅರ್ಧ ಗಂಟೆಯಷ್ಟು ಬಿಸಿನೀರು. ನಾಲ್ಕು ಜನರಿದ್ದರೆ ತಲೆಗೆ ಎಂಟು ನಿಮಿಷ. ನೀವು ಬೆಳಿಗ್ಗೆ ಏಳಕ್ಕೆ ಇಪ್ಪತ್ತು ನಿಮಿಷ ತಲೆಸ್ನಾನ ಮಾಡಿದರೆ ಆಮೇಲೆ ಬರುವವರಿಗೆ ತಣ್ಣೀರೇ ಗತಿ. ಅವರು ಬಾಯಿಬಿಟ್ಟು ಹೇಳುವುದಿಲ್ಲ, ಮುಖ ಬಿಗಿಯುತ್ತದೆ. ಹಾಗಾಗಿ ಮೊದಲ ದಿನವೇ ಕೇಳಿ: ಯಾರು ಯಾವ ಹೊತ್ತಿಗೆ ಸ್ನಾನ ಮಾಡುತ್ತಾರೆ, ನನಗೆ ಯಾವ ಹೊತ್ತು ಅನುಕೂಲ? ಮೈ ನೆನೆಸಿ, ನೀರು ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ತೆರೆಯಿರಿ. ಐದು ನಿಮಿಷದಲ್ಲಿ ಮುಗಿಯುತ್ತದೆ.

ಬಚ್ಚಲಿನ ನೆಲದಲ್ಲಿ ನೀರು ಹೋಗುವ ಕಿಂಡಿ ಇರುವುದಿಲ್ಲ. ಇದನ್ನು ಮರೆತವರು ಕೆಳಗಿನ ಮನೆಯ ಚಾವಣಿ ನೆನೆಸಿದ್ದುಂಟು. ಹಳೆಯ ಕಟ್ಟಡಗಳಲ್ಲಿ ಮಹಡಿಯ ನೆಲದ ತಳ ಮರದ್ದು, ಒಂದು ಚೊಂಬು ನೀರು ಚೆಲ್ಲಿದರೂ ಇಳಿಯುತ್ತದೆ. ಪರದೆಯ ಅಂಚು ಟಬ್ಬಿನ ಒಳಗಿರಲಿ. ಸ್ನಾನವಾದ ಮೇಲೆ ನೆಲ ಒರೆಸಿ, ಕೂದಲು ಎತ್ತಿ ಕಸಕ್ಕೆ ಹಾಕಿ. ಶೌಚಾಲಯ ಎಷ್ಟೋ ಮನೆಗಳಲ್ಲಿ ಬೇರೆಯೇ ಚಿಕ್ಕ ಕೋಣೆ. ಅಲ್ಲಿ ಕಾಗದ ಮಾತ್ರ, ನೀರಿನ ಕೊಳವೆ ಇಲ್ಲ. ನೀರು ಬೇಕೆನ್ನುವವರು ಒಂದು ಬಾಟಲಿ ಒಯ್ಯಿರಿ, ಅದರಲ್ಲಿ ಸಂಕೋಚವೇನಿಲ್ಲ. ಆದರೆ ವೆಟ್ ವೈಪ್ಸ್ ಕಮೋಡಿಗೆ ಹಾಕಬೇಡಿ, ಪೈಪು ಕಟ್ಟಿಕೊಳ್ಳುತ್ತದೆ. ತಲೆಗೆ ಎಣ್ಣೆ ಹಚ್ಚುವವರು ದಿಂಬಿನ ಮೇಲೆ ನಿಮ್ಮದೇ ಟವೆಲ್ ಹಾಸಿಕೊಳ್ಳಿ. ಎಣ್ಣೆಯ ಕಲೆ 40 ಡಿಗ್ರಿಯ ತೊಳೆತಕ್ಕೆ ಸುಲಭವಾಗಿ ಹೋಗುವುದಿಲ್ಲ.

ಬಾಗಿಲಿನ ಬಗ್ಗೆ ಎಚ್ಚರಿಕೆ. ಅನೇಕ ಮುಂಬಾಗಿಲುಗಳಿಗೆ ಹೊರಗಡೆ ತಿರುಗುವ ಹಿಡಿ ಇರುವುದಿಲ್ಲ. ಎಳೆದುಕೊಂಡರೆ ಸಾಕು, ಬೀಗ ತಾನೇ ಬೀಳುತ್ತದೆ. ಕಸ ಹಾಕಿ ಬರುತ್ತೇನೆ ಎಂದು ಚಪ್ಪಲಿಯಲ್ಲಿ ಇಳಿದವರು ಹೊರಗೇ ಉಳಿಯುತ್ತಾರೆ. ಇನ್ನೊಂದು ತೊಂದರೆ ನಮ್ಮವರಿಗೆ ಗೊತ್ತೇ ಇರುವುದಿಲ್ಲ: ಒಳಗಿನಿಂದ ಕೀಲಿಯನ್ನು ಬೀಗದಲ್ಲೇ ಬಿಟ್ಟು ಮಲಗಿದರೆ, ಎಷ್ಟೋ ಬೀಗಗಳಲ್ಲಿ ಹೊರಗಿನಿಂದ ಇನ್ನೊಂದು ಕೀಲಿ ಒಳಹೋಗುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಮನೆಯಾಕೆ ಮೆಟ್ಟಿಲ ಮೇಲೆ ನಿಂತು ಬೆಲ್ ಒತ್ತಬೇಕಾಗುತ್ತದೆ. ಬಾಗಿಲು ಹಾಕಿ, ಕೀಲಿ ತೆಗೆದು, ಅವರು ತೋರಿಸಿದ ಕೊಕ್ಕೆಗೆ ತಗುಲಿಸಿ. ಅಕಸ್ಮಾತ್ ಹೊರಗುಳಿದರೆ ಪೋಸ್ಟ್ ಡಬ್ಬಿಗೆ ಹಾಕಿಹೋದ ಜಾಹೀರಾತು ಚೀಟಿ ನೋಡಿ ಬೀಗದವನನ್ನು ಕರೆಯಬೇಡಿ. ಅಲ್ಲಿ ಮೋಸ ಬಹಳ, ನೂರಾರು ಯೂರೋ ಕೀಳುತ್ತಾರೆ. ಮನೆಯವರ ನಂಬರನ್ನು ಕಾಗದದ ಮೇಲೆ ಬರೆದು ಪರ್ಸಿನಲ್ಲಿಡಿ.

ಪೋಸ್ಟ್ ಡಬ್ಬಿ ಅಂದೆ. ಮೊದಲ ವಾರದ ಅತಿ ಮುಖ್ಯ ಕೆಲಸ ಅದರ ಮೇಲೆ ನಿಮ್ಮ ಹೆಸರು ಅಂಟಿಸುವುದು. ಬ್ಯಾಂಕ್ ಕಾರ್ಡು, ಅದರ ಪಿನ್, ಆರೋಗ್ಯ ವಿಮೆಯ ಕಾಗದ ಎಲ್ಲ ಅಂಚೆಯಲ್ಲೇ ಬರಬಹುದು. ಡಬ್ಬಿಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಪೋಸ್ಟ್‌ಮನ್ ‘ಈ ವಿಳಾಸದಲ್ಲಿ ವಾಸವಿಲ್ಲ’ ಎಂದು ಗುರುತು ಹಾಕಿ ವಾಪಸ್ ಕಳಿಸುತ್ತಾರೆ. ಕಾರ್ಡು ಬರಲಿಲ್ಲವೆಂದು ವಾರಗಟ್ಟಲೆ ಬ್ಯಾಂಕಿಗೆ ಅಲೆಯುವವರ ಕಥೆ ಬಹುಪಾಲು ಇಷ್ಟೇ. ಮನೆಯವರ ಅನುಮತಿ ಕೇಳಿ, ಒಂದು ಚೀಟಿ ಅಂಟಿಸಿ. ವಿಳಾಸ ಬರೆಯುವಾಗ ನಿಮ್ಮ ಹೆಸರಿನ ಕೆಳಗೆ ‘ಶೆ’ ಎಂದು ಹಾಕಿ ಮನೆಯವರ ಹೆಸರು ಬರೆಯಿರಿ, ನಮ್ಮ ಕೇರಾಫ್ ಇದ್ದಂತೆ.

ಕಾಗದಪತ್ರಕ್ಕೆ ಒಂದು ಕ್ರಮವಿದೆ, ಅದು ತಪ್ಪಿದರೆ ಸುತ್ತಾಟ. ಮೊದಲು ಮನೆಯವರಿಂದ ‘ಅತೆಸ್ತಾಸಿಯೋಂ ದೆಬೆರ್ಜ್‌ಮಾಂ’, ಅಂದರೆ ಇವರು ನಮ್ಮ ಮನೆಯಲ್ಲಿ ಇದ್ದಾರೆ ಎಂಬ ಸಹಿ ಮಾಡಿದ ಪತ್ರ. ಅದರ ಜೊತೆ ಅವರ ಗುರುತಿನ ಚೀಟಿಯ ಪ್ರತಿ, ಮೂರು ತಿಂಗಳೊಳಗಿನ ಕರೆಂಟ್ ಅಥವಾ ಗ್ಯಾಸ್ ಬಿಲ್ಲು. ಈ ಮೂರೂ ಕಾಗದ ಇಟ್ಟುಕೊಂಡು ಬ್ಯಾಂಕಿಗೆ. ಬ್ಯಾಂಕ್ ಕೊಡುವ ಖಾತೆ ವಿವರದ ಹಾಳೆಗೆ ಅಲ್ಲಿ ‘ರಿಬ್’ ಅನ್ನುತ್ತಾರೆ. ತಿಂಗಳ ಫೋನ್ ಪ್ಲಾನಿಗೂ, ವಿಮೆ ಹಣ ವಾಪಸ್ ಬರುವುದಕ್ಕೂ ಅದೇ ಬೇಕು. ದೀರ್ಘಾವಧಿ ವಿದ್ಯಾರ್ಥಿ ವೀಸಾವನ್ನು ಇಳಿದ ಮೂರು ತಿಂಗಳೊಳಗೆ ಆನ್‌ಲೈನಿನಲ್ಲಿ ಊರ್ಜಿತ ಮಾಡಿಸಿಕೊಳ್ಳಬೇಕು. ಕ್ರಿಸ್‌ಮಸ್ ರಜೆಗೆ ಊರಿಗೆ ಬಂದು ಮರಳುವಾಗ ಗಡಿಯಲ್ಲಿ ಸಿಕ್ಕಿಬೀಳುವವರು ಇದನ್ನು ಮುಂದೂಡಿದವರೇ.

ನಮ್ಮ ಕರ್ನಾಟಕದವರಿಗೆ ಹೆಸರಿನದೇ ಒಂದು ತೊಡಕು. ಶಾಲೆಯ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ಬಿಡಿಸಿದ ರೂಪ, ಕೆಲವರಿಗೆ ಮನೆತನದ ಹೆಸರಿನ ಜಾಗವೇ ಖಾಲಿ. ಫ್ರೆಂಚ್ ಅರ್ಜಿ ಸ್ವಂತ ಹೆಸರು, ಮನೆತನದ ಹೆಸರು ಎರಡನ್ನೂ ಬೇರೆಬೇರೆ ಕೇಳುತ್ತದೆ. ವಿಶ್ವವಿದ್ಯಾಲಯಕ್ಕೆ ಒಂದು ರೀತಿ, ಬ್ಯಾಂಕಿಗೆ ಇನ್ನೊಂದು ರೀತಿ ಬರೆದರೆ ಅವರ ಕಡತದಲ್ಲಿ ನೀವು ಇಬ್ಬರಾಗುತ್ತೀರಿ. ವೀಸಾದ ಮೇಲೆ ಹೇಗೆ ಮುದ್ರಿಸಿದ್ದಾರೋ ಎಲ್ಲ ಕಡೆ ಹಾಗೆಯೇ ಬರೆಯಿರಿ. ಜನನ ಪ್ರಮಾಣಪತ್ರವನ್ನು ಹೊರಡುವ ಮೊದಲೇ ತೆಗೆದು ನೋಡಿ: ಮಗುವಿನ ಹೆಸರಿನ ಜಾಗ ಖಾಲಿಯಿರುವ ಪತ್ರಗಳು ನಮ್ಮಲ್ಲಿ ಬಹಳ. ಹೆಸರು ಸೇರಿಸಿ, ಅಪೋಸ್ಟಿಲ್, ಅಂದರೆ ವಿದೇಶದಲ್ಲಿ ಪತ್ರ ನಡೆಯುವಂತೆ ಸರ್ಕಾರ ಹಾಕುವ ದೃಢೀಕರಣ, ಮಾಡಿಸಿಕೊಂಡು ಹೊರಡಿ. ಅಲ್ಲಿಂದ ಈ ಕೆಲಸ ಮಾಡಿಸುವುದು ತುಂಬಾ ಕಷ್ಟ.

ಈಗ ಊಟದ ಮೇಜು. ಫ್ರೆಂಚ್ ಸಂಸಾರ ನಡೆಯುವುದೇ ಅಲ್ಲಿ, ಭಾಷೆ ಬರುವುದೂ ಅಲ್ಲಿಯೇ. ರಾತ್ರಿ ಊಟ ಏಳೂವರೆಯಿಂದ ಎಂಟೂವರೆಯೊಳಗೆ. ‘ಆ ತಾಬ್ಲ್’, ಅಂದರೆ ಊಟಕ್ಕೆ ಬನ್ನಿ, ಎಂದು ಕರೆದ ಕೂಡಲೇ ಹೋಗಬೇಕು. ಬಿಸಿ ಆರುತ್ತದೆ, ನೀವು ಬರುವವರೆಗೆ ಯಾರೂ ಮುಟ್ಟುವುದಿಲ್ಲ. ತೋರಿಸಿದ ಜಾಗದಲ್ಲಿ ಕೂರಿ, ಮನೆಯಾಕೆ ಶುರು ಮಾಡಿದ ಮೇಲೆ ಶುರು ಮಾಡಿ. ಎರಡೂ ಮಣಿಕಟ್ಟು ಮೇಜಿನ ಅಂಚಿನ ಮೇಲಿರಲಿ, ತೊಡೆಯ ಮೇಲೆ ಬೇಡ. ಬ್ರೆಡ್ಡಿನ ತುಂಡನ್ನು ತಟ್ಟೆಯಲ್ಲಿಡದೆ ಮೇಜುಬಟ್ಟೆಯ ಮೇಲೆಯೇ ಇಡುತ್ತಾರೆ. ಅದನ್ನು ಕೈಯಲ್ಲಿ ಮುರಿದು ತಿನ್ನಬೇಕು, ಕಚ್ಚಬಾರದು. ಸಲಾಡಿನ ಎಲೆಯನ್ನು ಚಾಕುವಿನಲ್ಲಿ ಕತ್ತರಿಸದೆ ಮಡಚಿ ಫೋರ್ಕಿಗೆ ಚುಚ್ಚಿಕೊಳ್ಳುತ್ತಾರೆ. ಚೀಸು ಬಂದಾಗ ಅದರ ಆಕಾರ ಉಳಿಯುವ ಹಾಗೆ ಕೊಯ್ಯಿರಿ. ತ್ರಿಕೋನದ ಬ್ರೀ ಚೀಸಿನ ಮೂತಿ ಅತ್ಯಂತ ಹದವಾದ ಭಾಗ. ಅದನ್ನೇ ಅಡ್ಡ ಕತ್ತರಿಸಿಕೊಂಡರೆ ಉಳಿದವರಿಗೆ ಗಟ್ಟಿ ಅಂಚು ಉಳಿಯುತ್ತದೆ. ಉದ್ದಕ್ಕೆ ಸೀಳಿದರೆ ಎಲ್ಲರಿಗೂ ಎರಡೂ ಸಿಗುತ್ತದೆ.

ನಮ್ಮ ಹುಡುಗರು ಹಸಿದು ಮಲಗುವ ಸಂದರ್ಭ ಒಂದಿದೆ. ನಮ್ಮಲ್ಲಿ ಬಡಿಸಲು ಬಂದರೆ ‘ಬೇಡ, ಸಾಕು’ ಎನ್ನುತ್ತೇವೆ, ಅವರು ಒತ್ತಾಯ ಮಾಡುತ್ತಾರೆ, ಮೂರನೆಯ ಸಲ ಹಾಕಿಸಿಕೊಳ್ಳುತ್ತೇವೆ. ಅಲ್ಲಿ ಒತ್ತಾಯ ಮಾಡುವುದು ಮರ್ಯಾದೆಯಲ್ಲ. ಬೇಡ ಅಂದರೆ ಪಾತ್ರೆ ಮುಂದಿನವರಿಗೆ ಹೋಗುತ್ತದೆ, ಮತ್ತೆ ತಿರುಗಿ ಬರುವುದಿಲ್ಲ. ಸಂಕೋಚಕ್ಕೆ ಬರೀ ‘ಮೆರ್ಸಿ’ (ಧನ್ಯವಾದ) ಅಂದರೂ ಬೇಡ ಅಂತಲೇ ಎಣಿಸುವವರಿದ್ದಾರೆ. ಬೇಕಿದ್ದರೆ ‘ವುಯಿ, ವೊಲೊಂಟಿಯೆ’ (ಹೌದು, ಖುಷಿಯಿಂದ) ಎಂದು ಸ್ಪಷ್ಟವಾಗಿ ಹೇಳಿ. ತಂದೆತಾಯಂದಿರೇ, ಮಕ್ಕಳಿಗೆ ಇದೊಂದನ್ನು ಈಗಿನಿಂದಲೇ ಅಭ್ಯಾಸ ಮಾಡಿಸಿ.

ಸಸ್ಯಾಹಾರಿಗಳು ಹೋಗುವ ಮುಂಚೆಯೇ ಬರೆದು ತಿಳಿಸಬೇಕು. ‘ವೆಜಿಟೇರಿಯನ್’ ಎಂಬ ಒಂದೇ ಮಾತು ಸಾಲದು. ಅಲ್ಲಿ ಸಸ್ಯಾಹಾರದಲ್ಲಿ ಮೊಟ್ಟೆ ಸೇರಿದೆ, ಮೀನು ತಿನ್ನುವವರೂ ತಮ್ಮನ್ನು ಹಾಗೆ ಕರೆದುಕೊಳ್ಳುವುದುಂಟು. ಮಾಂಸ ಇಲ್ಲ, ಕೋಳಿ ಇಲ್ಲ, ಮೀನು ಇಲ್ಲ, ಮೊಟ್ಟೆ ಇಲ್ಲ, ಹಾಲು ಮೊಸರು ಆಗುತ್ತದೆ ಎಂದು ಒಂದೊಂದಾಗಿ ಬರೆಯಿರಿ. ತಪ್ಪಾಗುವ ಜಾಗಗಳು ಇವು: ಬರೀ ತರಕಾರಿ ಸೂಪಿಗೂ ಕೋಳಿಸಾರಿನ ಕ್ಯೂಬ್ ಹಾಕಿರುತ್ತಾರೆ, ಬೀನ್ಸ್ ಪಲ್ಯದಲ್ಲಿ ಹಂದಿಮಾಂಸದ ಸಣ್ಣ ಚೂರು ಸೇರಿರುತ್ತದೆ, ಅದು ಅವರಿಗೆ ಒಗ್ಗರಣೆಯ ಲೆಕ್ಕ, ಜೆಲ್ಲಿ ಮಿಠಾಯಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ. ಕೊಂತೆ, ರೋಕ್‌ಫೋರ್‌ನಂಥ ಹೆಸರಾಂತ ಚೀಸುಗಳಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯ ಕಿಣ್ವ ಬಳಸುತ್ತಾರೆ. ಇದರಲ್ಲಿ ಎಲ್ಲಿಗೆ ಗೆರೆ ಎಳೆಯಬೇಕು ಎಂಬುದನ್ನು ನೀವೇ ಮೊದಲು ತೀರ್ಮಾನಿಸಿ. ಈ ವಾರ ತಿಂದು ಮುಂದಿನ ವಾರ ಬೇಡ ಅಂದರೆ ಅಡುಗೆ ಮಾಡುವವರಿಗೆ ಗೊಂದಲ. ತಿನ್ನಲು ಬೇಕಾದಷ್ಟಿದೆ: ಪ್ಯುಯಿ ಹಸಿರು ಬೇಳೆ, ನಮ್ಮ ಮಸೂರ್ ಬೇಳೆಯೇ ಆದ ‘ಕೊರಾಯ್’, ಬದನೆ ಟೊಮೇಟೊ ಬೇಯಿಸಿದ ಪಲ್ಯದಂಥ ರಟಟೂಯಿ, ಓವನ್ನಿನಲ್ಲಿ ಬೇಯಿಸಿದ ಆಲೂಗಡ್ಡೆ ಗ್ರಾತಾಂ. ರಾತ್ರಿ ಊಟಕ್ಕೆ ಬರುವುದಿಲ್ಲವಾದರೆ ಮಧ್ಯಾಹ್ನದೊಳಗೆ ಮೆಸೇಜ್ ಹಾಕಿ.

ಎರಡು ವಾರ ಕಳೆದ ಮೇಲೆ ಒಂದು ದಿನ ಅಡುಗೆ ನಾನು ಮಾಡುತ್ತೇನೆ ಎಂದು ಕೇಳಿ ನೋಡಿ, ಖುಷಿಪಡುತ್ತಾರೆ. ಉಪ್ಪಿಟ್ಟು ಸುರಕ್ಷಿತ. ಸೂಪರ್‌ಮಾರ್ಕೆಟ್ಟಿನ ‘ಸೆಮೂಲ್’, ಅಂದರೆ ರವೆಯಲ್ಲಿ ಮಧ್ಯಮ ತರಿಯದನ್ನು ಆರಿಸಿ, ಕುಸ್‌ಕುಸ್ ಪೊಟ್ಟಣ ತರಬೇಡಿ, ಅದು ಬೇರೆ. ನಾಲ್ವರಿಗೆ 200 ಗ್ರಾಂ ರವೆ, ಮುಕ್ಕಾಲು ಲೀಟರ್ ನೀರು, ಒಂದೇ ಒಂದು ಹಸಿಮೆಣಸಿನಕಾಯಿ. ಕರಿಬೇವು ಪ್ಯಾರಿಸ್ಸಿನಲ್ಲಾದರೆ ಗಾರ್ ದ್ಯು ನೋರ್ ನಿಲ್ದಾಣದ ಹತ್ತಿರ ಲಾ ಶಪೆಲ್‌ನ ಶ್ರೀಲಂಕಾ ತಮಿಳರ ಅಂಗಡಿಗಳಲ್ಲಿ ಸಿಗುತ್ತದೆ, ತೊಗರಿಬೇಳೆಯೂ ಸಿಗುತ್ತದೆ. ಒಲೆ ಇಂಡಕ್ಷನ್ ಆದರೆ ಊರಿಂದ ಒಯ್ದ ಅಲ್ಯೂಮಿನಿಯಂ ಪಾತ್ರೆ ಕಾಯುವುದೇ ಇಲ್ಲ. ತಳಕ್ಕೆ ಅಯಸ್ಕಾಂತ ಅಂಟಬೇಕು. ಒಗ್ಗರಣೆಗೆ ಮೊದಲು ಚಿಮಣಿ ಫ್ಯಾನ್ ಹಾಕಿ, ಸಾಸಿವೆ ಸಿಡಿದ ಕೂಡಲೇ ಪಾತ್ರೆ ಇಳಿಸಿ ಆಮೇಲೆ ಮೆಣಸಿನಕಾಯಿ ಹಾಕಿ. ಇಲ್ಲದಿದ್ದರೆ ಘಾಟಿಗೆ ಇಡೀ ಮನೆ ಕೆಮ್ಮುತ್ತದೆ. 2015ರಿಂದ ಪ್ರತಿ ಮನೆಯಲ್ಲೂ ಹೊಗೆ ಪತ್ತೆ ಯಂತ್ರ ಕಡ್ಡಾಯ. ಊದಿನಕಡ್ಡಿ ಹಚ್ಚುವವರೂ ಇದನ್ನು ನೆನಪಿಡಿ. ಅರಿಶಿನದ ಚಮಚವನ್ನು ಬಿಳಿ ಕಟ್ಟೆಯ ಮೇಲಿಡಬೇಡಿ.

ಮನೆಗೆ ಫೋನು ಮಾಡುವ ಹೊತ್ತು ಮೊದಲೇ ಗೊತ್ತುಮಾಡಿಕೊಳ್ಳಿ. ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಮೂರೂವರೆ ಗಂಟೆ ವ್ಯತ್ಯಾಸ, ಆಮೇಲೆ ನಾಲ್ಕೂವರೆ. ಅಲ್ಲಿ ಊಟ ಮುಗಿದು ಒಂಬತ್ತಾದರೆ ಇಲ್ಲಿ ಹನ್ನೆರಡೂವರೆ. ಹಾಗಾಗಿ ಅಲ್ಲಿನ ಸಂಜೆ ಐದೂವರೆ, ಇಲ್ಲಿನ ರಾತ್ರಿ ಒಂಬತ್ತು ಸರಿಹೋಗುತ್ತದೆ. ಅಮ್ಮಂದಿರು ಊಟದ ಹೊತ್ತಿಗೆ ವಿಡಿಯೋ ಕಾಲ್ ಮಾಡಬೇಡಿ. ಮೇಜಿನ ಮೇಲೆ ಫೋನ್ ಇಡುವುದೇ ಅಲ್ಲಿ ಒರಟುತನ.

ಜ್ವರ ಬಂದರೆ ಮುಚ್ಚಿಡಬೇಡಿ. ವಿದೇಶಿ ವಿದ್ಯಾರ್ಥಿಗಳು ‘ಅಮೆಲಿ’ ತಾಣದಲ್ಲಿ ಸಾರ್ವಜನಿಕ ಆರೋಗ್ಯ ವಿಮೆಗೆ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ಸಾಮಾನ್ಯ ವೈದ್ಯರ ಫೀಸು 30 ಯೂರೋ. ಒಬ್ಬ ವೈದ್ಯರನ್ನು ‘ನನ್ನ ವೈದ್ಯರು’ ಎಂದು ದಾಖಲಿಸಿದ್ದರೆ ಶೇ. 70ರ ದರದಲ್ಲಿ, 2 ಯೂರೋ ಕಳೆದು, 19 ಯೂರೋ ವಾಪಸ್ ಬರುತ್ತದೆ. ದಾಖಲಿಸದಿದ್ದರೆ ದರ ಶೇ. 30ಕ್ಕೆ ಇಳಿಯುತ್ತದೆ. ತುರ್ತು ವೈದ್ಯಕೀಯ ಸಹಾಯಕ್ಕೆ 15, ಯುರೋಪಿನಾದ್ಯಂತ 112.

ಇಷ್ಟೆಲ್ಲ ಮಾಡಿಯೂ ಕೆಲವು ಮನೆ ಹೊಂದುವುದಿಲ್ಲ. ಮಾತಾಡಿದ ಊಟ ಕೊಡದಿರುವುದು, ಕೋಣೆ ಬೆಚ್ಚಗಿಡದಿರುವುದು, ಮಕ್ಕಳನ್ನು ನೋಡಿಕೋ ಎಂದು ಒಪ್ಪಂದದಲ್ಲಿಲ್ಲದ ಕೆಲಸ ಹೇರುವುದು ಇವನ್ನು ಸಹಿಸಿಕೊಳ್ಳಬೇಕಿಲ್ಲ. ಕೋಣೆ 19 ಡಿಗ್ರಿ ಇದ್ದರೆ ಅದು ಅಲ್ಲಿನ ರೂಢಿ, ಸ್ವೆಟರ್ ಹಾಕಿಕೊಳ್ಳಿ. 14 ಇದ್ದರೆ ಥರ್ಮಾಮೀಟರಿನ ಫೋಟೋ ತೆಗೆದಿಡಿ. ಮೊದಲು ಮನೆಯವರ ಹತ್ತಿರ ನೇರವಾಗಿ, ಒಂದೇ ವಿಷಯ ಹಿಡಿದು ಮಾತಾಡಿ. ಸರಿಹೋಗದಿದ್ದರೆ ಮನೆ ಗೊತ್ತುಮಾಡಿದ ಸಂಸ್ಥೆಗೋ, ಕಾಲೇಜಿನ ಅಂತರರಾಷ್ಟ್ರೀಯ ವಿಭಾಗಕ್ಕೋ ಬರವಣಿಗೆಯಲ್ಲಿ ತಿಳಿಸಿ. ಪೀಠೋಪಕರಣ ಸಮೇತ ಬಾಡಿಗೆ ಕರಾರಿದ್ದರೆ ಬಾಡಿಗೆದಾರರು ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು. ಅದಕ್ಕೇ ಹೇಳುವುದು: ಕರಾರಿನ ಪ್ರತಿ, ಪ್ರತಿ ತಿಂಗಳ ರಸೀತಿ, ಸೇರಿದ ದಿನ ಕೋಣೆಯ ನಾಲ್ಕೂ ಗೋಡೆಯ ಫೋಟೋ, ಇವಿಷ್ಟು ಮೊದಲ ದಿನದಿಂದಲೇ ನಿಮ್ಮ ಹತ್ತಿರ ಇರಲಿ.