ಹುಲ್ಲುಗಾವಲಿನಲ್ಲಿ ಗಿಡ ನೆಡುವ ಮುನ್ನ

ನಮಸ್ಕಾರ. ಪ್ರತಿ ವರ್ಷ ಜೂನ್ 5ರ ಆಸುಪಾಸಿನಲ್ಲಿ ನಮ್ಮ ಶಾಲೆ, ಕಚೇರಿ, ಗ್ರಾಮ ಪಂಚಾಯಿತಿಗಳಲ್ಲಿ ಸಸಿ ನೆಡುವ ಕಾರ್ಯಕ್ರಮಗಳು ನಡೆಯುತ್ತವೆ. ಅಂಗಳದಲ್ಲಿ ಜಾಗ ಸಾಲದಾದಾಗ ಎಲ್ಲರ ಕಣ್ಣು ಊರಾಚೆಯ ಗೋಮಾಳದ ಮೇಲೆ, ದನ ಮೇಯಲೆಂದು ಕಾಯ್ದಿರಿಸಿದ್ದ ಹಳೆಯ ಕಾವಲಿನ ಮೇಲೆ ಬೀಳುತ್ತದೆ. ಬೇಸಿಗೆಯಲ್ಲಿ ಒಣಗಿ ಕಂದು ಬಣ್ಣಕ್ಕೆ ತಿರುಗಿರುವ ಆ ಬಯಲನ್ನು ಹಸಿರಾಗಿಸಬೇಕೆಂಬ ಆಸೆಯಿಂದಲೇ ಜನ ಅಲ್ಲಿ ಗುಂಡಿ ತೋಡುತ್ತಾರೆ. ಅವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೂ ಆ ಬಯಲಿನಲ್ಲಿ ಗಿಡ ನೆಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣವನ್ನು ಹೇಳಬೇಕಾದರೆ, ಒಂದು ಪರಿಸರ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬಲ್ಲಿಂದಲೇ ಶುರುಮಾಡಬೇಕು.

ಪರಿಸರ ವ್ಯವಸ್ಥೆ ಎಂಬ ಪರಿಕಲ್ಪನೆಯನ್ನು 1935ರಲ್ಲಿ ಮುಂದಿಟ್ಟವರು ಬ್ರಿಟನ್ನಿನ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್ಲಿ. ಜೀವಿಗಳನ್ನು ಅವು ಬದುಕುವ ಮಣ್ಣು, ಮಳೆ, ಗಾಳಿ, ಬಿಸಿಲುಗಳಿಂದ ಬಿಡಿಸಿ ಅರ್ಥಮಾಡಿಕೊಳ್ಳಲಾಗದು, ಎಲ್ಲವೂ ಸೇರಿ ಒಂದೇ ವ್ಯವಸ್ಥೆ ಎಂಬುದು ಅವರ ವಾದವಾಗಿತ್ತು. ಇದನ್ನು ಒಪ್ಪಿಕೊಂಡರೆ, ಎಲ್ಲಿ ಏನು ಬೆಳೆಯಬೇಕು ಎಂಬುದು ನಮ್ಮ ಇಷ್ಟಕ್ಕೆ ಬಿಟ್ಟ ವಿಷಯವಾಗಿ ಉಳಿಯುವುದಿಲ್ಲ. ಚಳ್ಳಕೆರೆ, ಬಳ್ಳಾರಿ, ಕೊಪ್ಪಳದ ಕಡೆಯ ಬಯಲುಗಳಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನಲ್ಲಿ ಅಥವಾ ಅದಕ್ಕಿಂತಲೂ ಕಡಿಮೆ ಮಳೆ ಬೀಳುತ್ತದೆ, ಅದೂ ಕೆಲವೇ ತಿಂಗಳುಗಳಲ್ಲಿ. ಉಳಿದ ದಿನಗಳಲ್ಲಿ ನೆಲ ಒಣಗಿಯೇ ಇರುತ್ತದೆ. ಇಂಥ ಕಡೆ ದಟ್ಟ ಕಾಡು ತಾನಾಗಿ ನಿಲ್ಲುವುದು ಕಷ್ಟ. ಹುಲ್ಲು, ಅಲ್ಲಲ್ಲಿ ಜಾಲಿ, ಕಾರೆ, ಬೋರೆಯ ಪೊದೆಗಳು ಇರುವ ಬಯಲೇ ಅಲ್ಲಿನ ಸಹಜ ರೂಪ.

ಹುಲ್ಲನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಗಿಡಮರಗಳ ಬೆಳೆಯುವ ಕುಡಿ ತುದಿಯಲ್ಲಿರುತ್ತದೆ. ಆಡು ಬಂದು ಕುಡಿ ಚಿವುಟಿದರೆ ಸಸಿ ಅಲ್ಲಿಗೇ ಕುಂಠಿತವಾಗುತ್ತದೆ. ಹುಲ್ಲಿನ ಬೆಳವಣಿಗೆಯ ಭಾಗವಾದರೋ ಬುಡದಲ್ಲಿ, ನೆಲಕ್ಕೆ ಅಂಟಿಕೊಂಡಂತೆ ಇರುತ್ತದೆ. ಕುರಿ ಮೇಯ್ದುಹೋದರೂ, ಬೆಂಕಿ ಬಿದ್ದು ಮೇಲಿನದೆಲ್ಲ ಸುಟ್ಟರೂ ಬುಡ ಜೀವ ಹಿಡಿದುಕೊಂಡಿದ್ದು, ಮಳೆ ಬಿದ್ದೊಡನೆ ರಾಗಿಯ ಪೈರಿನಂತೆ ತೆಂಡೆ ಹೊಡೆಯುತ್ತದೆ. ಬಯಲಿನಲ್ಲಿ ನಡೆದವರ ಪಂಚೆಯ ಅಂಚಿಗೆ, ಕಾಲುಚೀಲಕ್ಕೆ ಚುಚ್ಚಿಕೊಳ್ಳುವ ಈಟಿಯಂಥ ಬೀಜವೊಂದಿದೆ. ಅದರ ಹಿಂದೆ ಹುರಿ ಹೊಸೆದಂತೆ ಸುತ್ತಿಕೊಂಡ ಉದ್ದನೆಯ ಬಾಲವಿರುತ್ತದೆ. ತೇವ ತಗುಲಿದಾಗ ಆ ಹುರಿ ಬಿಚ್ಚಿಕೊಳ್ಳುತ್ತದೆ, ಒಣಗಿದಾಗ ಮತ್ತೆ ಸುತ್ತಿಕೊಳ್ಳುತ್ತದೆ, ಹೀಗೆ ತಿರುಗುತ್ತ ತಿರುಗುತ್ತ ಬೀಜ ತಾನಾಗಿ ಮಣ್ಣಿನೊಳಕ್ಕೆ ಇಳಿಯುತ್ತದೆ. ಒಣಗುವುದು, ನೆನೆಯುವುದು, ಮೇಯಿಸಿಕೊಳ್ಳುವುದು ಎಲ್ಲವೂ ಈ ಹುಲ್ಲಿನ ಬದುಕಿನ ಕ್ರಮದಲ್ಲಿಯೇ ಸೇರಿವೆ. ಬೇಸಿಗೆಯ ಕಂದು ಬಣ್ಣವನ್ನು ಕಂಡು ನೆಲ ಸತ್ತಿದೆ ಎಂದುಕೊಳ್ಳುವುದು ತಪ್ಪು ತಿಳಿವಳಿಕೆ.

ಬಿಸಿಲಿನ ಶಕ್ತಿಯನ್ನು ಹಿಡಿದು ಆಹಾರವಾಗಿಸುವುದು ಹುಲ್ಲು. ಅದನ್ನು ಮಿಡತೆ, ಮೊಲ, ಕೃಷ್ಣಮೃಗ, ಕುರಿ ತಿನ್ನುತ್ತವೆ. ಅವುಗಳನ್ನು ಓತಿಕೇತ, ಗಿಡುಗ, ನರಿ, ತೋಳ ತಿನ್ನುತ್ತವೆ. ಒಂದು ಹಂತದಿಂದ ಮುಂದಿನ ಹಂತಕ್ಕೆ ದಾಟುವಾಗ ಶಕ್ತಿಯ ಸುಮಾರು ಹತ್ತನೇ ಒಂದು ಪಾಲು ಮಾತ್ರ ಉಳಿಯುತ್ತದೆ ಎಂಬುದು ಸ್ಥೂಲವಾದ ಲೆಕ್ಕ. ಉಳಿದದ್ದು ಉಸಿರಾಟದಲ್ಲಿ, ಓಡಾಟದಲ್ಲಿ, ಮೈಯ ಬಿಸಿಯಲ್ಲಿ ಕಳೆದುಹೋಗುತ್ತದೆ, ಅಥವಾ ತಿನ್ನದೆ, ಜೀರ್ಣವಾಗದೆ ಉಳಿಯುತ್ತದೆ. ಆದ್ದರಿಂದಲೇ ಒಂದು ತೋಳದ ಗುಂಪು ಬದುಕಲು ವಿಶಾಲವಾದ ಬಯಲು ಬೇಕು. ಬಯಲನ್ನು ಹತ್ತು ತುಂಡು ಮಾಡಿ ಅದರಲ್ಲಿ ಎರಡನ್ನು ಉಳಿಸಿಕೊಟ್ಟರೆ ಆ ಎರಡರಲ್ಲಿ ಹುಲ್ಲು ಇರಬಹುದು, ಮಿಡತೆಯೂ ಇರಬಹುದು, ತೋಳ ಮಾತ್ರ ಇರಲಾರದು.

ಸತ್ತ ಹುಲ್ಲು ಏನಾಗುತ್ತದೆ ಎಂಬುದನ್ನು ನಮ್ಮ ಪಾಠಗಳಲ್ಲಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗಂತೂ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಸೋಜಿಗದ ಭಾಗ ಅದೇ. ಶಕ್ತಿ ಒಮ್ಮೆ ಹರಿದು ಹೋದರೆ ತಿರುಗಿ ಬರುವುದಿಲ್ಲ, ಅದನ್ನು ಸೂರ್ಯ ಪ್ರತಿದಿನ ಹೊಸದಾಗಿ ಕೊಡಬೇಕು. ಸಾರಜನಕ, ರಂಜಕದಂಥ ಪೋಷಕಾಂಶಗಳಾದರೋ ಅದೇ ಮಣ್ಣಿಗೆ ಮರಳಿ ಬರಬೇಕು. ಆ ಕೆಲಸವನ್ನು ಬಯಲಿನಲ್ಲಿ ಬಹುಮಟ್ಟಿಗೆ ಮಾಡುವುದು ಗೆದ್ದಲು. ಅದು ಒಣಹುಲ್ಲನ್ನು, ತರಗನ್ನು ಹುತ್ತದೊಳಕ್ಕೆ ಸಾಗಿಸಿ, ಅದರ ಮೇಲೆ ಶಿಲೀಂಧ್ರವನ್ನು ಬೆಳೆಸುತ್ತದೆ. ಗೆದ್ದಲಿಗೆ ಅರಗಿಸಲು ಕಷ್ಟವಾದ ನಾರನ್ನು ಆ ಶಿಲೀಂಧ್ರ ಮೃದುಗೊಳಿಸಿಕೊಡುತ್ತದೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆಯನ್ನು ತಂದು ಸಾರು ಮಾಡಿದವರೆಲ್ಲ ಆ ಶಿಲೀಂಧ್ರದ ರುಚಿಯನ್ನೇ ನೋಡಿದ್ದಾರೆ. ಇನ್ನು ಸಗಣಿಯನ್ನು ಉಂಡೆ ಕಟ್ಟಿ ಉರುಳಿಸಿಕೊಂಡು ಹೋಗಿ ಹೂಳುವ ಸಗಣಿ ಹುಳುಗಳು ಗೊಬ್ಬರವನ್ನು ಬೇರಿನ ಬಳಿಗೆ ತಲುಪಿಸುತ್ತವೆ.

ಈ ಬಯಲಿಗೆ ನೀಲಗಿರಿ ಮರ ಬಂದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ರಾಣೆಬೆನ್ನೂರಿನ ಕಡೆ ನೋಡಬೇಕು. ಅಲ್ಲಿ 1974ರಲ್ಲಿ ಕೃಷ್ಣಮೃಗಕ್ಕಾಗಿ 119 ಚದರ ಕಿಲೋಮೀಟರಿನ ವನ್ಯಜೀವಿಧಾಮ ಘೋಷಣೆಯಾಯಿತು. ಆದರೆ ಅದರ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿದೆ. ಕೃಷ್ಣಮೃಗ ಬಯಲಿನ ಪ್ರಾಣಿ. ದೂರದಿಂದಲೇ ಅಪಾಯವನ್ನು ಕಂಡು ಓಡಿ ತಪ್ಪಿಸಿಕೊಳ್ಳುವುದೇ ಅದರ ರಕ್ಷಣೆಯ ದಾರಿ. ಸಾಲು ಮರಗಳ ನಡುವೆ ಅದಕ್ಕೆ ದೂರ ಕಾಣುವುದಿಲ್ಲ, ಮೇಯಲು ಬೇಕಾದ ಹುಲ್ಲೂ ಅಲ್ಲಿ ಸರಿಯಾಗಿ ಬೆಳೆಯುವುದಿಲ್ಲ. ಒಂದು ಕಾಲಕ್ಕೆ ಅಲ್ಲಿ ಕಾಣಸಿಗುತ್ತಿದ್ದ ಎರೆಭೂತ ಹಕ್ಕಿ ಈಗ ಅಲ್ಲಿಲ್ಲ. ನೆಲದ ಮೇಲೆ ಮೊಟ್ಟೆಯಿಡುವ, ಸುಮಾರು ಒಂದು ಮೀಟರ್ ಎತ್ತರಕ್ಕೆ ನಿಲ್ಲುವ ಆ ದೊಡ್ಡ ಹಕ್ಕಿ ಇಂದು ನಮ್ಮ ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತಮುತ್ತ ಬೆರಳೆಣಿಕೆಯಷ್ಟು ಮಾತ್ರ ಉಳಿದಿದೆ. ಕೃಷ್ಣಮೃಗದ ಹೆಸರಿನಲ್ಲಿಯೇ ಘೋಷಿಸಿದ ತಾಣದಲ್ಲಿ ಅದಕ್ಕೆ ಒಗ್ಗದ ಮರಗಳು ನಿಂತಿರುವುದನ್ನು ನೆನೆದಾಗಲೆಲ್ಲ ನನಗೆ ತೀರಾ ಸಂಕಟವಾಗುತ್ತದೆ, ಏಕೆಂದರೆ ಅಲ್ಲಿ ಯಾರೂ ಪರಿಸರವನ್ನು ಹಾಳುಮಾಡಬೇಕೆಂದು ಹೊರಟಿರಲಿಲ್ಲ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು ಒಳ್ಳೆಯದೇ. ಆದರೆ ನೀಲಗಿರಿಯ ಬದಲು ಹೊಂಗೆ, ಬೇವು, ಆಲ ನೆಟ್ಟರೂ ದಟ್ಟವಾಗಿ ನೆಟ್ಟಾಗ ಬಯಲು ಬಯಲಾಗಿ ಉಳಿಯುವುದಿಲ್ಲ ಎಂಬುದನ್ನು ನಾವು ಇನ್ನೂ ಒಪ್ಪಿಕೊಂಡಿಲ್ಲ.

ಇಂಗಾಲವನ್ನು ಹಿಡಿದಿಡಲು ಮರ ಬೇಕಲ್ಲವೇ ಎಂದು ಕೇಳುವವರಿದ್ದಾರೆ. ಕಾಡಿನಲ್ಲಿ ಇಂಗಾಲದ ದೊಡ್ಡ ಪಾಲು ಕಾಂಡದಲ್ಲಿ, ಕೊಂಬೆಯಲ್ಲಿ, ಅಂದರೆ ನೆಲದ ಮೇಲೆಯೂ ಇರುತ್ತದೆ. ಹುಲ್ಲುಗಾವಲಿನಲ್ಲಿ ಅದರ ಬಹುಪಾಲು ಬೇರಿನಲ್ಲಿ ಮತ್ತು ಮಣ್ಣಿನಲ್ಲಿ ಕೂಡಿಕೊಂಡಿರುತ್ತದೆ. ಯಂತ್ರದಿಂದ ಕಂದಕ ತೋಡಿ, ನೆಲ ಮಗುಚಿ ಸಸಿ ನೆಡುವಾಗ ಆ ಮಣ್ಣನ್ನೇ ಕೆದಕುತ್ತೇವೆ. ಬೆಂಕಿ ಬಿದ್ದರೆ ಮರದಲ್ಲಿದ್ದದ್ದು ಗಾಳಿಗೆ ಹೋಗುತ್ತದೆ, ಮಣ್ಣಿನಲ್ಲಿದ್ದದ್ದು ಬಹುಮಟ್ಟಿಗೆ ಉಳಿಯುತ್ತದೆ.

ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ದನಗಳಿಗಾಗಿ ಕಾಯ್ದಿರಿಸಿದ್ದ ಕಾವಲುಗಳನ್ನು ಬೇಸಿಗೆ, ಮಳೆಗಾಲ, ಚಳಿಗಾಲದ ಕಾವಲುಗಳೆಂದು ವಿಂಗಡಿಸಿ ಬಳಸುತ್ತಿದ್ದರು. ಒಂದು ಕಾವಲಿನಲ್ಲಿ ದನ ಮೇಯುವಾಗ ಇನ್ನೊಂದರ ಹುಲ್ಲಿಗೆ ಬಿಡುವು ಸಿಗುತ್ತಿತ್ತು. ಇಂದಿನ ಯಾವ ನಿರ್ವಹಣಾ ಯೋಜನೆಯೂ ಇದಕ್ಕಿಂತ ತಿಳಿವಳಿಕೆಯಿಂದ ಕೂಡಿರಲಾರದು. ಅಂಥ ಕಾವಲುಗಳಲ್ಲಿ ಬಹಳಷ್ಟು ಈಗ ಇಲ್ಲ. ಚಳ್ಳಕೆರೆ ತಾಲ್ಲೂಕಿನಲ್ಲಿಯೇ 2008ರ ನಂತರದ ವರ್ಷಗಳಲ್ಲಿ ಸುಮಾರು 10,000 ಎಕರೆಯನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೂ ಇತರ ಯೋಜನೆಗಳಿಗೂ ಕೊಡಲಾಯಿತು. ಅಲ್ಲಿ ಕುರಿ ಮೇಯಿಸಿ, ಅದರ ಉಣ್ಣೆಯಿಂದ ಕಂಬಳಿ ನೇಯುವ ಮನೆತನಗಳ ಕಣ್ಣಿನಲ್ಲಿ ಅದು ಯಾವತ್ತೂ ಖಾಲಿ ಜಾಗವಾಗಿರಲಿಲ್ಲ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ಮಂದೆ ನಿಲ್ಲಿಸಿ ಗೊಬ್ಬರ ಪಡೆಯುವ ರೈತನ ಮಣ್ಣಿನ ಫಲವತ್ತತೆಯೂ ಆ ಬಯಲಿನಿಂದಲೇ ಬಂದದ್ದು.

ಹಾಗೆಂದು ಬೇಲಿ ಹಾಕಿ ಎಲ್ಲರನ್ನೂ ಹೊರಗಿಟ್ಟರೂ ಹುಲ್ಲುಗಾವಲು ಉಳಿಯುವುದಿಲ್ಲ. ಮೇಯಿಸುವುದು ಪೂರ್ತಿ ನಿಂತರೆ ಒಣಹುಲ್ಲು ಒತ್ತೊತ್ತಾಗಿ ಕೂತು ಹೊಸ ಕುಡಿಗೆ ಬೆಳಕು ಸಿಗದಂತಾಗುತ್ತದೆ. ಮಿತಿಮೀರಿ ಮೇಯಿಸಿದರೆ ಬುಡವೇ ಸಾಯುತ್ತದೆ, ಅಲ್ಲಿಗೆ ಬಳ್ಳಾರಿ ಜಾಲಿ ನುಗ್ಗುತ್ತದೆ. ದನಕರು ಅದರ ಸಿಹಿಯಾದ ಕಾಯಿಯನ್ನು ತಿಂದು ಬೀಜವನ್ನು ಸಗಣಿಯಲ್ಲಿ ಎಲ್ಲೆಡೆ ಹರಡುತ್ತವೆ. ಆದ್ದರಿಂದ ಕುರಿಗಾಹಿಗಳನ್ನು ಕೂಡಿಸಿಕೊಂಡೇ, ಎಲ್ಲಿ ಎಷ್ಟು ತಿಂಗಳು ಮೇಯಿಸಬೇಕು ಎಂಬುದನ್ನು ಅವರೊಡನೆ ಮಾತಾಡಿಯೇ ಈ ನೆಲವನ್ನು ನೋಡಿಕೊಳ್ಳಬೇಕಾಗುತ್ತದೆ.

ಕೆಲವು ಕಡೆ ಒಳ್ಳೆಯ ಹೆಜ್ಜೆಗಳೂ ಆಗಿವೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು 2007ರಿಂದ ಇದೆ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಒಂದು ವನ್ಯಜೀವಿಧಾಮವಿದೆ. ಚಳಿಗಾಲದಲ್ಲಿ ಹ್ಯಾರಿಯರ್ ಗಿಡುಗಗಳು ದೂರದ ದೇಶಗಳಿಂದ ಬಂದು ರಾತ್ರಿ ತಂಗುವ ಹೆಸರಘಟ್ಟದ ಹುಲ್ಲುಗಾವಲಿನ 5,000 ಎಕರೆಗೂ ಹೆಚ್ಚಿನ ಪ್ರದೇಶವನ್ನು ಮೀಸಲು ಎಂದು ಘೋಷಿಸುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನ ಪಕ್ಕದಲ್ಲಿ ಅಷ್ಟು ಭೂಮಿ ಉಳಿಯುವುದು ಸಾಮಾನ್ಯ ಸಂಗತಿಯಲ್ಲ.

ಈ ವರ್ಷ ನಿಮ್ಮ ಊರಿನಲ್ಲಿ ಸಸಿ ನೆಡುವ ಮಾತು ಬಂದರೆ, ದಯವಿಟ್ಟು ಜಾಗ ನಿಗದಿ ಮಾಡುವ ಸಭೆಗೆ ಹೋಗಿ. ಆ ನೆಲದಲ್ಲಿ ಹಿಂದೆ ಏನಿತ್ತು, ಯಾವ ತಿಂಗಳಲ್ಲಿ ಅಲ್ಲಿ ಮೇವು ಸಿಗುತ್ತದೆ ಎಂದು ಊರಿನ ಕುರಿ ಕಾಯುವವರನ್ನು ಕೇಳಿ, ಅವರ ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ. ಸಸಿಗಳನ್ನು ರಸ್ತೆಯ ಬದಿಗೆ, ಶಾಲೆಯ ಆವರಣಕ್ಕೆ, ಹೊಲದ ಬದುವಿಗೆ, ಮರ ಕಡಿದು ಬರಿದಾದ ಕಾಡಿನಂಚಿಗೆ ಕಳಿಸಿ. ಕಂದಕ ತೋಡುವ ಯಂತ್ರ ಗೋಮಾಳಕ್ಕೆ ಇಳಿದ ಮೇಲೆ ತಕರಾರು ತೆಗೆದು ಪ್ರಯೋಜನವಿಲ್ಲ, ಅದಕ್ಕೆ ಮೊದಲೇ ಈ ಮಾತು ಆಗಬೇಕು.