ಕಡಲು ಕೈಕೊಟ್ಟಾಗ ಹುಟ್ಟಿದ ಪ್ರಾರ್ಥನೆ

ಕೇಳುಗರಿಗೆ ನಮಸ್ಕಾರ.

ಅಪೆರಾ, ಅಂದರೆ ಹಾಡಿನಲ್ಲೇ ಆಡುವ ಯುರೋಪಿನ ನಾಟಕ. ಅದರಲ್ಲಿ ಪ್ರೇಮ, ವಿಷ, ಕತ್ತಿ ಅಷ್ಟೇ ಅಂದುಕೊಂಡವರು ಜಾಸ್ತಿ. ಅಲ್ಲಿಗೆ ದೇವರೂ ಬಂದಿದ್ದಾನೆ. ಒಮ್ಮೆ ಬಂದದ್ದು ಮಾತ್ರ ಸ್ವಲ್ಪ ತಮಾಷೆಯಾಗಿಯೇ.

ಇಟಲಿಯ ನೇಪಲ್ಸ್, 1818ರ ಮಾರ್ಚ್ 5. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ, ಕ್ರೈಸ್ತರ ವ್ರತದ ದಿನಗಳು. ಆ ದಿನಗಳಲ್ಲಿ ಮಾಮೂಲಿ ಅಪೆರಾ ಆಡುವಂತಿರಲಿಲ್ಲ. ಬೈಬಲ್ ಕತೆಯಾದರೆ ಅಡ್ಡಿಯಿಲ್ಲ. ಹಾಗಾಗಿ 26 ವರ್ಷದ ಸಂಗೀತ ಸಂಯೋಜಕ ರೊಸ್ಸಿನಿ ಸ್ಯಾನ್ ಕಾರ್ಲೊ ಥಿಯೇಟರಿಗೆ 'ಈಜಿಪ್ಟಿನಲ್ಲಿ ಮೋಶೆ' ಮಾಡಿಕೊಟ್ಟ. ಹೆಸರೇನೋ ಮೋಶೆಯದು. ಒಳಗೆ ಈಜಿಪ್ಟಿನ ದೊರೆ ಫರೋಹನ ಮಗನಿಗೂ ಮೋಶೆಯ ಜನರಾದ ಇಬ್ರಿಯರ ಹುಡುಗಿಗೂ ಪ್ರೇಮ ಇದ್ದೇ ಇದೆ! ವ್ರತದ ದಿನ ಉಪ್ಪಿಟ್ಟು ತಿಂದ ಹಾಗೆ, ಅಲ್ವಾ?

ಹಾಡುಗಳನ್ನು ಜನ ಮೆಚ್ಚಿದರು. ಎಡವಟ್ಟಾಗಿದ್ದು ಕೊನೆಯ ಅಂಕದಲ್ಲಿ. ಈಜಿಪ್ಟಿನಿಂದ ಪಾರಾಗಿ ಹೊರಟ ಮೋಶೆಗೂ ಅವನ ಜನರಿಗೂ ಕೆಂಪು ಸಮುದ್ರ ಇಬ್ಭಾಗವಾಗಿ ದಾರಿ ಬಿಡಬೇಕು. ಫ್ರೆಂಚ್ ಲೇಖಕ ಸ್ಟೆಂಡಾಲ್ ಅದನ್ನು ವರ್ಣಿಸಿದ್ದಾನೆ. ಕೆಳಗೆ ಕೂತವರಿಗೆ ಕಡಲು ದಡಕ್ಕಿಂತ ಐದಾರು ಅಡಿ ಎತ್ತರದಲ್ಲಿ ಕಾಣುತ್ತಿತ್ತಂತೆ. ಮೇಲಿನ ಬಾಕ್ಸುಗಳಲ್ಲಿದ್ದವರಿಗೆ ಅಲೆಗಳನ್ನು ಸರಿಸುತ್ತಿದ್ದ ಪುಟ್ಟ ಹುಡುಗರೇ ಕಾಣುತ್ತಿದ್ದರಂತೆ. ಸ್ಟೆಂಡಾಲ್‌ನ ಮಾತಲ್ಲಿ ಉಪ್ಪು ಖಾರ ಸ್ವಲ್ಪ ಜಾಸ್ತಿ. ಆದರೂ ಜನ ನಕ್ಕಿದ್ದು ನಿಜ.

1819ರಲ್ಲಿ ಮತ್ತೆ ಆಡುವಾಗ ರೊಸ್ಸಿನಿ ಕಡಲಿನ ತಂಟೆಗೆ ಹೋಗಲಿಲ್ಲ. ಅದಕ್ಕೆ ಮುಂಚೆ ಒಂದು ಪ್ರಾರ್ಥನೆ ಸೇರಿಸಿದ. ಹಿಂದೆ ಫರೋಹನ ಸೈನ್ಯ, ಮುಂದೆ ನೀರು. ಮೋಶೆ ತಗ್ಗಿದ ದನಿಯಲ್ಲಿ ಶುರುಮಾಡುತ್ತಾನೆ: ನಕ್ಷತ್ರಗಳ ಸಿಂಹಾಸನದಿಂದ ನಮ್ಮ ಕಡೆ ನೋಡು. ಜನರೆಲ್ಲ ದನಿಗೂಡಿಸುತ್ತಾರೆ. ಆಮೇಲೆ ಮೋಶೆಯ ಅಣ್ಣ ಆರೋನ, ಆಮೇಲೆ ಆ ಹುಡುಗಿ. ರಾಗ ಹೆಚ್ಚಾಗಿ ಮೈನರ್‌ನಲ್ಲಿ, ಅಂದರೆ ದುಃಖದ ಛಾಯೆಯಲ್ಲಿ ಸಾಗುತ್ತದೆ. ಕೊನೆಗೆ ಇದ್ದಕ್ಕಿದ್ದಂತೆ ಮೇಜರ್‌ಗೆ ಹೊರಳುತ್ತದೆ. ಕತ್ತಲ ಕೋಣೆಯ ಕಿಟಕಿ ಯಾರೋ ತೆರೆದ ಹಾಗೆ. ನನ್ನನ್ನು ಕೇಳಿದರೆ ಪವಾಡ ನಡೆಯುವುದು ಅಲ್ಲೇ. ಪವಾಡವನ್ನು ತೋರಿಸಲು ಹೋದಾಗ ಜನ ನಕ್ಕರು. ಬೇಡಿಕೊಳ್ಳುವುದನ್ನು ಕೇಳಿಸಿದಾಗ ಸುಮ್ಮನಾದರು. ಆಮೇಲೆ ಅದೇ ಬಣ್ಣ ಬಳಿದ ಕಡಲು ಬಂದರೂ ಯಾರಿಗೂ ನಗು ಬರಲಿಲ್ಲ.

ರೊಸ್ಸಿನಿ ಪ್ಯಾರಿಸ್ಸಿನಲ್ಲಿ ತೀರಿಕೊಂಡದ್ದು 1868ರಲ್ಲಿ. 1887ರಲ್ಲಿ ಅವನ ಅವಶೇಷಗಳನ್ನು ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿಗೆ ತಂದರು. ಚರ್ಚಿನ ಮುಂದೆ ದೊಡ್ಡ ಗಾಯಕವೃಂದ ಇದೇ ಪ್ರಾರ್ಥನೆ ಹಾಡಿತು. ಮುಗಿದ ಕೂಡಲೇ ನೆರೆದ ಜನ, ನಮ್ಮ ಕಂಪನಿ ನಾಟಕದ ಪ್ರೇಕ್ಷಕರ ಹಾಗೆ, ವನ್ಸ್ ಮೋರ್ ಅಂದರು.

ಅವರು ಮತ್ತೊಮ್ಮೆ ಹಾಡಿದರು.