ತೊಗಲಿನ ಗ್ಲೌಸ್ ಕೊಳ್ಳುವಾಗ ಅಂಗೈ ತಿರುವಿ ನೋಡಿ

ಕೇಳುಗರಿಗೆ ನಮಸ್ಕಾರ.

ಬೈಕಿನಿಂದ ಬೀಳುವಾಗ ಯಾರೂ ಯೋಚಿಸಿ ಕೈ ಊರುವುದಿಲ್ಲ, ಅದು ತಾನಾಗಿ ಮುಂದೆ ಹೋಗುತ್ತದೆ. ಹೆಲ್ಮೆಟ್ಟಿಗೆ ಕಾನೂನಿದೆ, ಐಎಸ್‌ಐ ಗುರುತಿದೆ. ಗ್ಲೌಸಿಗೆ ನಮ್ಮಲ್ಲಿ ಕಡ್ಡಾಯವಿಲ್ಲ. ಹಾಗಾಗಿ ಒಳ್ಳೆಯದು ಯಾವುದು, ಬರೀ ಅಂದಕ್ಕಿರುವುದು ಯಾವುದು ಎಂದು ಅಂಗಡಿಯಲ್ಲಿ ನಿಂತು ನಾವೇ ಗುರುತಿಸಬೇಕು.

ಕಣ್ಣು ಮೊದಲು ಹೋಗುವುದು ಗೆಣ್ಣಿನ ಮೇಲಿನ ಗಟ್ಟಿ ಪ್ಲಾಸ್ಟಿಕ್ಕಿಗೆ. ಮಾರುವವರೂ ಅದನ್ನೇ ಕುಟ್ಟಿ ತೋರಿಸುತ್ತಾರೆ. ನೀವು ಗ್ಲೌಸನ್ನು ತಿರುವಿ ಅಂಗೈ ನೋಡಿ. ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆಯ ಅಂಚಿನಲ್ಲಿ ಎರಡನೆಯ ಪದರ ಇರಲೇಬೇಕು. ಬುಡದ ಮೇಲೆ ನುಣುಪಾದ ಗಟ್ಟಿ ಬಿಲ್ಲೆ ಇದ್ದರೆ ಇನ್ನೂ ಮೇಲು. ಏಕೆಂದರೆ ಬರೀ ಚರ್ಮ ಡಾಂಬರಿಗೆ ಕಚ್ಚಿಕೊಳ್ಳುತ್ತದೆ. ಕೈ ಅಲ್ಲೇ ನಿಲ್ಲುತ್ತದೆ, ಮೈ ಮುಂದಕ್ಕೆ ಹೋಗುತ್ತದೆ, ಮಣಿಕಟ್ಟು ಹಿಂದಕ್ಕೆ ಮಡಚಿಕೊಳ್ಳುತ್ತದೆ. ಅಲ್ಲಿ, ಹೆಬ್ಬೆರಳಿನ ಬುಡದ ಹತ್ತಿರ, ಗೋಡಂಬಿಯಂಥ ಒಂದು ಪುಟ್ಟ ಮೂಳೆ ಇದೆ, ಹೆಸರು ಸ್ಕೇಫಾಯ್ಡ್. ಅದಕ್ಕೆ ರಕ್ತ ಹರಿಯುವುದು ಕಡಿಮೆ. ಮುರಿದರೆ ಕೂಡಿಕೊಳ್ಳಲು ತಿಂಗಳುಗಳು ಬೇಕು. ಎಷ್ಟೋ ಸಲ ಮೊದಲ ಎಕ್ಸ್‌ರೇಯಲ್ಲಿ ಬಿರುಕು ಕಾಣುವುದೂ ಇಲ್ಲ. ಬಿಲ್ಲೆ ಇದ್ದರೆ ಕೈ ಕಚ್ಚಿಕೊಳ್ಳದೆ ಜಾರುತ್ತದೆ.

ಚರ್ಮದಲ್ಲಿ ದಿನನಿತ್ಯದ ಓಡಾಟಕ್ಕೆ ಆಡಿನದು ಸೊಗಸು. ತೆಳ್ಳಗಿದ್ದರೂ ಗಟ್ಟಿ, ಬ್ರೇಕ್ ಲಿವರ್ ಬೆರಳಿಗೆ ಚೆನ್ನಾಗಿ ತಿಳಿಯುತ್ತದೆ. ದನದ ಚರ್ಮ ದಪ್ಪ, ಕೈಗೆ ಒಗ್ಗಲು ಕೆಲವು ವಾರ ಬೇಕು. ಚರ್ಮದ ಮೇಲ್ಪದರವನ್ನು ಸೀಳಿ ತೆಗೆದ ಮೇಲೆ ಉಳಿಯುವ ಒಳಪದರಕ್ಕೆ ಬಣ್ಣ ಬಳಿದು ಮಾರುವುದುಂಟು. ಅದು ಅಗ್ಗ, ಬೇಗ ಹರಿಯುತ್ತದೆ. ಗಾಳಿಯಾಡಲು ತೂತುಗಳು ಕೈಯ ಮೇಲ್ಭಾಗದಲ್ಲಿರಲಿ, ಅಂಗೈಯಲ್ಲಿ ಬೇಡ.

ಒಳಗೆ ಹೊಲಿದಿರುವ ಪಟ್ಟಿ ಓದಿ. ಯುರೋಪಿನ ಮಾನದಂಡ ಇಎನ್ 13594. ಇದರ 2015ರ ಆವೃತ್ತಿಯ ಪರೀಕ್ಷೆಯಲ್ಲಿ ಅಂಗೈಯ ಪದರ ಉಜ್ಜಿದಾಗ 1ನೇ ಮಟ್ಟಕ್ಕೆ ಕನಿಷ್ಠ 4 ಸೆಕೆಂಡು, 2ನೇ ಮಟ್ಟಕ್ಕೆ 8 ಸೆಕೆಂಡು ತಾಳಬೇಕು. ಪಕ್ಕದಲ್ಲಿ ಕೆಪಿ ಎಂಬ ಅಕ್ಷರಗಳಿದ್ದರೆ ಗೆಣ್ಣಿನ ಕವಚವನ್ನೂ ಪರೀಕ್ಷಿಸಿದ್ದಾರೆ ಎಂದರ್ಥ. 1ನೇ ಮಟ್ಟದಲ್ಲಿ ಆ ಪರೀಕ್ಷೆ ಐಚ್ಛಿಕ. ಕೆಪಿ ಇಲ್ಲದ ಪ್ಲಾಸ್ಟಿಕ್ಕನ್ನು ಬರೀ ಅಲಂಕಾರವೆಂದುಕೊಂಡರೆ ಮೋಸವಿಲ್ಲ.

ಇನ್ನು ಅಳತೆ. ಹೆಬ್ಬೆರಳು ಬಿಟ್ಟು ಗೆಣ್ಣುಗಳ ಸುತ್ತ ಟೇಪು ಸುತ್ತಿ, ಆಯಾ ಕಂಪನಿಯ ಪಟ್ಟಿಯೊಂದಿಗೆ ಹೋಲಿಸಿ. ಒಬ್ಬರ ಮೀಡಿಯಂ ಇನ್ನೊಬ್ಬರ ಲಾರ್ಜ್. ಆಮೇಲೆ ಹಾಕಿಕೊಂಡು ಬೈಕಿನ ಮೇಲೆ ಕುಳಿತು ಹ್ಯಾಂಡಲ್ ಹಿಡಿಯಿರಿ. ಕೌಂಟರ್ ಮುಂದೆ ಕೈ ಚಾಚಿ ನೋಡಿದರೆ ಏನೂ ತಿಳಿಯದು. ಹೊಸ ಚರ್ಮ ಬಳಸುತ್ತಾ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ತೀರ ಕಡಿಮೆ. ಅಂಗೈ ಸ್ವಲ್ಪ ಬಿಗಿ ಎನಿಸಿದರೆ ಪರವಾಗಿಲ್ಲ, ಮುಷ್ಟಿ ಕಟ್ಟಿದಾಗ ಬೆರಳ ತುದಿ ಒತ್ತಿದರೆ ದೊಡ್ಡ ಸೈಜೇ ಬೇಕು. ತುದಿಯಲ್ಲಿ ಚಿವುಟುವಷ್ಟು ಖಾಲಿ ಚರ್ಮ ಉಳಿದರೆ ಅದೂ ಅಪಾಯ, ಲಿವರಿಗೂ ಗ್ರಿಪ್ಪಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಅಂಗೈ ಸಡಿಲವಾಗಿ ನೆರಿಗೆ ಬಿದ್ದರೆ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕ್ಲಚ್ ಹಿಡಿದು ಹಿಡಿದು ಬೆರಳ ಬುಡದಲ್ಲಿ ಬೊಬ್ಬೆ ಏಳುವುದು ಖಚಿತ.

ಮಣಿಕಟ್ಟಿನ ಪಟ್ಟಿ ಬಿಗಿದು, ಇನ್ನೊಂದು ಕೈಯಿಂದ ಬೆರಳ ತುದಿಗಳನ್ನೆಲ್ಲ ಒಟ್ಟಿಗೆ ಹಿಡಿದು ಜೋರಾಗಿ ಎಳೆಯಿರಿ. ಗ್ಲೌಸ್ ಕೈಯಿಂದ ಕಳಚಿದರೆ ಕೊಳ್ಳಬೇಡಿ. ಬಿದ್ದಾಗಲೂ ಮೊದಲ ಏಟಿಗೇ ಅದು ಹಾರಿಹೋಗುತ್ತದೆ. ಒಳಪದರ ಬೆರಳ ಜತೆ ಹೊರಗೆ ಬರುತ್ತದೆಯೇ ಎಂಬುದನ್ನೂ ನೋಡಿ. ಬೆವತ ಕೈಯನ್ನು ಮತ್ತೆ ತೂರಿಸುವಾಗ ಅದರ ಕಾಟ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಚರ್ಮ ನೆನೆಯುತ್ತದೆ, ಕೈಗೆ ಬಣ್ಣವೂ ಹತ್ತಬಹುದು. ನೆನೆದದ್ದನ್ನು ಬಿಸಿ ಸೈಲೆನ್ಸರಿನ ಮೇಲೆ ಒಣಗಿಸಿದರೆ ಹಪ್ಪಳದಂತೆ ಸೆಟೆದುಕೊಳ್ಳುತ್ತದೆ. ಹಳೆಯ ಪತ್ರಿಕೆ ಉಂಡೆ ಮಾಡಿ ಒಳಗೆ ತುರುಕಿ, ನೆರಳಲ್ಲಿ ಗಾಳಿಗೆ ಇಡಿ. ಅರ್ಧ ಒಣಗಿದಾಗ ಹಾಕಿಕೊಂಡು ನಾಲ್ಕಾರು ಸಲ ಮುಷ್ಟಿ ಕಟ್ಟಿದರೆ ಆಕಾರ ಉಳಿಯುತ್ತದೆ. ಮೆತ್ತಗಾಗಲೆಂದು ಕೊಬ್ಬರಿ ಎಣ್ಣೆ ಸುರಿಯಬೇಡಿ, ಹಿಡಿತ ಜಾರುತ್ತದೆ, ಧೂಳೂ ಮೆತ್ತಿಕೊಳ್ಳುತ್ತದೆ. ಚರ್ಮದ ಕಂಡಿಷನರ್ ಚಿಟಿಕೆಯಷ್ಟು ಸಾಕು. ಮಲೆನಾಡು, ಕರಾವಳಿಯವರು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರಂತೂ ಬೂಷ್ಟು ಹಿಡಿಯುತ್ತದೆ.

ಒಮ್ಮೆ ರಸ್ತೆಗೆ ಉಜ್ಜಿದ ಗ್ಲೌಸ್ ಮೇಲೆ ಚೆನ್ನಾಗಿ ಕಂಡರೂ ಹೊಲಿಗೆಯ ದಾರ ಅರ್ಧ ಸವೆದಿರಬಹುದು. ಅದನ್ನು ಮತ್ತೆ ಬೈಕಿಗೆ ಬಳಸಬೇಡಿ. ಗುಲಾಬಿ ಗಿಡ ಸವರಲು ಧಾರಾಳವಾಗಿ ಆಗುತ್ತದೆ.